ರಿಮ್ಮು ಕಿರಿದಾಯಿತು, ಪಯಣ ಮೃದುವಾಯಿತು

ನಿಮ್ಮ ಶಾಲೆಯ ಅಥವಾ ಕಾಲೇಜಿನ ಆವರಣದಲ್ಲಿ ನಿಂತಿರುವ ಯಾವುದಾದರೊಂದು ಕಾರಿನ ಬಳಿ ಹೋಗಿ, ಅದರ ಟೈರಿನ ಪಕ್ಕದಲ್ಲಿ ಉಬ್ಬಾಗಿ ಮೂಡಿಸಿರುವ ಅಂಕೆಗಳನ್ನು ಓದಿ. 205/55 ಆರ್ 16 ಎಂಬಂತಹ ಒಂದು ಬರಹ ಅಲ್ಲಿರುತ್ತದೆ. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು, ಟೈರಿನ ಪಕ್ಕದ ಗೋಡೆಯ ಎತ್ತರವು ಆ ಅಗಲದ ಶೇಕಡ ಎಷ್ಟು ಎಂಬುದು. 'ಆರ್' ಎಂದರೆ ರೇಡಿಯಲ್ ರಚನೆ. ಕೊನೆಯ ಸಂಖ್ಯೆ ಟೈರು ಕೂರುವ ಲೋಹದ ರಿಮ್ಮಿನ ವ್ಯಾಸ. ವಿಚಿತ್ರವೆಂದರೆ ಇದೊಂದು ಮಾತ್ರ ಇಂದಿಗೂ ಅಂಗುಲಗಳಲ್ಲಿದೆ!

ಒಂದೇ ಮಾದರಿಯ ಕಾರು 15, 16, 17 ಅಂಗುಲದ ರಿಮ್ಮುಗಳೊಂದಿಗೆ ಮಾರಾಟವಾಗುವುದನ್ನು ನೀವು ಗಮನಿಸಿರಬಹುದು. ಬೆಲೆ ಹೆಚ್ಚಿದಂತೆ ರಿಮ್ಮೂ ದೊಡ್ಡದಾಗುತ್ತದೆ. ಆದರೆ ದೊಡ್ಡ ರಿಮ್ಮಿನ ಕಾರು ಕೊಂಡವರಲ್ಲಿ ಕೆಲವರು ಸ್ವಲ್ಪ ಕಾಲದ ನಂತರ ಅದನ್ನು ಬಿಚ್ಚಿಸಿ, ಚಿಕ್ಕ ರಿಮ್ಮು ಮತ್ತು ದಪ್ಪ ಟೈರು ಹಾಕಿಸಿಕೊಳ್ಳುವುದುಂಟು. ಕಾರಣ ಕೇಳಿದರೆ 'ಕುಲುಕಾಟ ಕಡಿಮೆಯಾಗುತ್ತದೆ' ಎನ್ನುತ್ತಾರೆ. ಇದು ನಿಜವೇ? ನಿಜವಾದರೆ, ನಮ್ಮ ಹಿರಿಯರು ಎತ್ತಿನ ಗಾಡಿಗೆ ಆಳೆತ್ತರದ ಗಾಲಿಗಳನ್ನು ಹಾಕುತ್ತಿದ್ದುದು ಏಕೆ? ಈ ಎರಡು ಪ್ರಶ್ನೆಗಳಿಗೆ ಒಟ್ಟಿಗೆ ಉತ್ತರ ಬೇಕಾದರೆ ಗಾಲಿಯ ಸುಮಾರು 180 ವರ್ಷಗಳ ಇತಿಹಾಸವನ್ನು ಒಮ್ಮೆ ನೋಡಬೇಕು.

ಗಟ್ಟಿ ಗಾಲಿಯ ಲೆಕ್ಕ

ಮೊದಲು ಗಟ್ಟಿ ಗಾಲಿಯನ್ನು ತೆಗೆದುಕೊಳ್ಳೋಣ. ಮರದ ಗಾಲಿ, ಅದರ ಸುತ್ತ ಕಬ್ಬಿಣದ ಪಟ್ಟಿ. ದಾರಿಯಲ್ಲಿ ಒಂದು ಕಲ್ಲು ಅಡ್ಡ ಬಂದಿದೆ. ಗಾಲಿಯ ತ್ರಿಜ್ಯ 'ತ', ಕಲ್ಲಿನ ಎತ್ತರ 'ಎ' ಇರಲಿ. ಗಾಲಿಯನ್ನು ಅಚ್ಚಿನ ಬಳಿ ಅಡ್ಡಲಾಗಿ ಎಳೆಯುತ್ತಿದ್ದೇವೆ. ಗಾಲಿ ಕಲ್ಲನ್ನು ತಾಗಿರುವ ಬಿಂದುವಿನ ಸುತ್ತ ಬಲದ ಮಹತ್ವಗಳನ್ನು ಸರಿದೂಗಿಸಿದರೆ ಹೀಗೆ ಬರುತ್ತದೆ:

ಎಳೆಯುವ ಬಲ = ಭಾರ × √(2ತಎ − ಎ²) ÷ (ತ − ಎ)

ಕಲ್ಲಿನ ಎತ್ತರ 5 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಗಾಲಿಯ ತ್ರಿಜ್ಯ 25 ಸೆಂಟಿಮೀಟರ್ ಆದರೆ, ಹೊತ್ತ ಭಾರದ 0.75ರಷ್ಟು ಬಲ ಬೇಕು. ತ್ರಿಜ್ಯ 65 ಸೆಂಟಿಮೀಟರ್ ಆದರೆ 0.42ರಷ್ಟು ಸಾಕು. ಎತ್ತಿನ ಗಾಡಿಯ ಗಾಲಿ ಏಕೆ ದೊಡ್ಡದೆಂದು ಈಗ ತಿಳಿಯಿತಲ್ಲವೆ? ಬಡಗಿಗೆ ಈ ಸೂತ್ರ ಗೊತ್ತಿರಬೇಕಾಗಿರಲಿಲ್ಲ. ಎತ್ತಿನ ಹೆಗಲೇ ಅವನಿಗೆ ಪಾಠ ಹೇಳಿತ್ತು.

ಆದರೆ ಈ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ. ಗಾಲಿ ಗಟ್ಟಿ, ಕಲ್ಲೂ ಗಟ್ಟಿ. ಆದ್ದರಿಂದ ಕಲ್ಲು ಎಷ್ಟು ಎತ್ತರವೋ ಇಡೀ ಗಾಡಿ ಅಷ್ಟು ಎತ್ತರ ಏರಲೇಬೇಕು ಎಂಬುದೇ ಆ ಊಹೆ. ಗಾಲಿ ಗಟ್ಟಿಯಾಗಿರದೆ, ಕಲ್ಲು ತಾಗಿದ ಕಡೆ ಮಾತ್ರ ಒಳಕ್ಕೆ ತಗ್ಗಿ, ಕಲ್ಲು ದಾಟಿದೊಡನೆ ಮೊದಲಿನಂತಾದರೆ? ಆಗ ಏರಬೇಕಾದುದು ಗಾಡಿಯಲ್ಲ, ಟೈರಿನ ಒಂದು ತುಣುಕು ಮಾತ್ರ.

ಎರಡು ಬಾರಿ ಹುಟ್ಟಿದ ಉಪಾಯ

ಈ ಉಪಾಯವನ್ನು ಮೊದಲು ಕಾಗದದ ಮೇಲೆ ಇಟ್ಟವನು ರಾಬರ್ಟ್ ವಿಲಿಯಂ ಥಾಮ್ಸನ್. ಸ್ಕಾಟ್ಲೆಂಡಿನ ಸ್ಟೋನ್‌ಹೇವನ್ ಎಂಬ ಊರಿನವನು. 1845ರ ಡಿಸೆಂಬರಿನಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಗಾಳಿ ತುಂಬಿದ ಗಾಲಿಪಟ್ಟಿಗೆ ಬ್ರಿಟಿಷ್ ಪೇಟೆಂಟ್ ಪಡೆದ. ರಬ್ಬರು ಲೇಪಿಸಿದ ಬಟ್ಟೆಯ ಕೊಳವೆ, ಅದರ ಮೇಲೆ ತೊಗಲಿನ ಹೊದಿಕೆ. ಇದು ಅವನ 'ಗಾಳಿಯ ಗಾಲಿ'. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆಗಾಡಿಗಳಿಗೆ ಇದನ್ನು ತೊಡಿಸಿ ತೋರಿಸಲಾಯಿತು. ಗಾಡಿ ಸದ್ದಿಲ್ಲದೆ ಓಡಿತು. ಎಳೆಯಲು ಬೇಕಾದ ಬಲವೂ ಕಡಿಮೆಯಾಗಿತ್ತು. ಒಂದು ಜೊತೆ ಗಾಲಿಗಳು ಸುಮಾರು 1,200 ಮೈಲಿ ಓಡಿದುವು.

ಆದರೂ ಅದು ಬಳಕೆಗೆ ಬರಲಿಲ್ಲ. ರಬ್ಬರನ್ನು ಗಂಧಕದೊಂದಿಗೆ ಕಾಯಿಸಿ ಗಟ್ಟಿಮುಟ್ಟಾಗಿಸುವ ವಲ್ಕನೀಕರಣವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಷ್ಟೇ ಕಂಡುಕೊಂಡಿದ್ದ. ಒಳ್ಳೆಯ ತೆಳು ರಬ್ಬರು ದುಬಾರಿಯಾಗಿತ್ತು. ಥಾಮ್ಸನ್ ಕೊನೆಗೆ ಗಾಳಿಯನ್ನು ಕೈಬಿಟ್ಟು, ಉಗಿ ಎಂಜಿನ್ನಿನ ರಸ್ತೆ ವಾಹನಗಳಿಗೆ ಘನ ರಬ್ಬರಿನ ದಪ್ಪ ಪಟ್ಟಿಗಳನ್ನು ತೊಡಿಸಿದ. ಅವನ ಈ ವಾಹನಗಳು 1870ರ ದಶಕದ ಆರಂಭದಲ್ಲಿ ನಮ್ಮ ದೇಶಕ್ಕೂ ಬಂದುವು. ಆರ್. ಇ. ಬಿ. ಕ್ರಾಂಪ್ಟನ್ ಎಂಬ ಸೇನಾಧಿಕಾರಿ ಅವನ್ನು ಉತ್ತರ ಭಾರತದ ರಸ್ತೆಗಳಲ್ಲಿ ಓಡಿಸಿದ. ಥಾಮ್ಸನ್ 1873ರಲ್ಲಿ ತೀರಿಕೊಂಡ. ಗಾಳಿಯ ಗಾಲಿಯೂ ಅವನೊಂದಿಗೆ ಮರೆತುಹೋಯಿತು.

ಎಷ್ಟು ಮರೆತುಹೋಗಿತ್ತೆಂದರೆ, 1888ರಲ್ಲಿ ಅದೇ ಉಪಾಯಕ್ಕೆ ಮತ್ತೊಮ್ಮೆ ಪೇಟೆಂಟ್ ದೊರೆಯಿತು! ಈ ಬಾರಿ ಪಡೆದವನು ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್. ಅವನ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಗಡಗಡ ಎನ್ನುತ್ತಿತ್ತು. ಡನ್‌ಲಪ್ ಮರದ ಬಿಲ್ಲೆಯೊಂದರ ಸುತ್ತ ಗಾಳಿ ತುಂಬಿದ ರಬ್ಬರು ಕೊಳವೆಯನ್ನು ಬಟ್ಟೆಯಿಂದ ಬಿಗಿದು, ಅದನ್ನೂ ಸೈಕಲ್ಲಿನ ಘನ ರಬ್ಬರಿನ ಗಾಲಿಯನ್ನೂ ಅಂಗಳದಲ್ಲಿ ಉರುಳಿಸಿ ನೋಡಿದ. ಗಾಳಿಯ ಗಾಲಿ ಹೆಚ್ಚು ದೂರ ಹೋಯಿತು. 1889ರಲ್ಲಿ ಬೆಲ್‌ಫಾಸ್ಟಿನ ಸೈಕಲ್ ಪಂದ್ಯಗಳಲ್ಲಿ ಈ ಟೈರು ಹಾಕಿದ ವಿಲ್ಲಿ ಹ್ಯೂಮ್ ಗೆದ್ದ ಮೇಲೆ ಬೇಡಿಕೆಗೆ ಮಿತಿಯೇ ಇರಲಿಲ್ಲ. ಸ್ವಲ್ಪದರಲ್ಲೇ ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದು ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು. ಆದರೆ ಟೈರು ಉಳಿಯಿತು. 40 ವರ್ಷಗಳ ಹಿಂದೆ ಇರದಿದ್ದ ಒಂದು ವಸ್ತು ಈಗ ಬೀದಿಯಲ್ಲಿತ್ತು: ಸೈಕಲ್ಲು. ಅದನ್ನು ನಡೆಸುವವನಿಗೆ ಪ್ರತಿಯೊಂದು ಕುಲುಕೂ ತನ್ನ ಕೈಕಾಲಿನಲ್ಲೇ ತಿಳಿಯುತ್ತಿತ್ತು.

ಕಾರಿಗೆ ಬಂದ ಗಾಳಿ

ಫ್ರಾನ್ಸಿನ ಮಿಷೆಲಿನ್ ಸಹೋದರರಾದ ಆಂಡ್ರೆ ಮತ್ತು ಎಡ್ವರ್ಡ್ 1891ರಲ್ಲಿ ಬಿಚ್ಚಿ ಹಾಕಬಹುದಾದ ಸೈಕಲ್ ಟೈರನ್ನು ಮಾಡಿದರು. 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಮೋಟಾರು ಪಂದ್ಯದಲ್ಲಿ ಗಾಳಿಯ ಟೈರುಗಳ ಕಾರೊಂದನ್ನು ತಾವೇ ಓಡಿಸಿದರು. ಸುಮಾರು 1,200 ಕಿಲೋಮೀಟರ್ ದೂರದ ಈ ಪಂದ್ಯದಲ್ಲಿ ಮೊದಲು ಬಂದದ್ದು ಎಮಿಲ್ ಲೆವಾಸೋರ್ ನಡೆಸಿದ ಘನ ರಬ್ಬರಿನ ಗಾಲಿಗಳ ಕಾರು. ಮಿಷೆಲಿನ್ನರು ದಾರಿಯುದ್ದಕ್ಕೂ ಪಂಕ್ಚರ್ ತಿದ್ದುತ್ತ ಬಹಳ ಹಿಂದೆ ಬಿದ್ದರು. ಆದರೂ ಕಾರು ಗಾಳಿಯ ಮೇಲೆ ಓಡಬಲ್ಲುದು ಎಂಬುದು ಸಿದ್ಧವಾಯಿತು. ಟೈರು ಅಡಚಣೆಯನ್ನು ಕುಡಿದುಬಿಡುತ್ತದೆ ಎಂಬುದು ಆ ಸಂಸ್ಥೆಯ ಪ್ರಚಾರದ ಮಾತಾಯಿತು. 1898ರ ಅದರ ಭಿತ್ತಿಚಿತ್ರದಲ್ಲಿ ಟೈರುಗಳಿಂದಲೇ ಆದ ಡೊಳ್ಳುಹೊಟ್ಟೆಯ ಆಸಾಮಿಯೊಬ್ಬ ಮೊಳೆ, ಗಾಜಿನ ಚೂರುಗಳು ತುಂಬಿದ ಬಟ್ಟಲನ್ನು ಎತ್ತಿ ಹಿಡಿದಿದ್ದಾನೆ.

ಮಾತು ಚೆನ್ನಾಗಿತ್ತು. ಆದರೆ ಆ ಕಾಲದ ಟೈರು ಕುಡಿಯುತ್ತಿದ್ದುದು ಸ್ವಲ್ಪವೇ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ಹಿಂದಿನ ಟೈರಿನ ಅಳತೆ 30 × 3½ ಅಂಗುಲ. ಅಂದರೆ ಇಡೀ ಗಾಲಿಯ ವ್ಯಾಸ 30 ಅಂಗುಲ; ಟೈರಿನ ದಪ್ಪ ಮೂರೂವರೆ ಅಂಗುಲ. ಎರಡೂ ಕಡೆಯ ದಪ್ಪ ಕಳೆದರೆ ರಿಮ್ಮಿನ ವ್ಯಾಸ 23 ಅಂಗುಲ. ಇಷ್ಟು ತೆಳುವಾದ ಟೈರು ಕಾರಿನ ಭಾರ ಹೊರಬೇಕಾದರೆ ಒಳಗಿನ ಒತ್ತಡ ಹೆಚ್ಚಿರಬೇಕು. ಚದರ ಅಂಗುಲಕ್ಕೆ 55–60 ಪೌಂಡಿನಷ್ಟು ಗಾಳಿ ತುಂಬುತ್ತಿದ್ದರು.

ಇದರ ಪರಿಣಾಮವನ್ನು ನೀವೇ ಲೆಕ್ಕ ಹಾಕಬಹುದು. ಟೈರಿನ ಗೋಡೆಯ ಬಿಗಿಯನ್ನು ಬದಿಗಿಟ್ಟರೆ,

ನೆಲಕ್ಕೆ ತಾಗುವ ವಿಸ್ತೀರ್ಣ = ಗಾಲಿಯ ಮೇಲಿನ ಭಾರ ÷ ಗಾಳಿಯ ಒತ್ತಡ

ಒಂದು ಗಾಲಿಯ ಮೇಲೆ 250 ಕಿಲೋಗ್ರಾಂ ಭಾರವಿದೆ ಎನ್ನಿ. 60 ಪೌಂಡ್ ಒತ್ತಡ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 4.2 ಕಿಲೋಗ್ರಾಂ ಭಾರ. ಆಗ ನೆಲಕ್ಕೆ ತಾಗುವುದು ಸುಮಾರು 60 ಚದರ ಸೆಂಟಿಮೀಟರ್. ಒತ್ತಡವನ್ನು 30 ಪೌಂಡಿಗೆ ಇಳಿಸಿದರೆ ವಿಸ್ತೀರ್ಣ ಸುಮಾರು 120 ಚದರ ಸೆಂಟಿಮೀಟರ್. ಟೈರು ನೆಲದ ಮೇಲೆ ಹೆಚ್ಚು ಹರಡಿಕೊಂಡಿದೆ. ಸಣ್ಣ ಕಲ್ಲೊಂದು ಅದರಡಿ ಸಿಕ್ಕರೆ ಅದನ್ನು ಮುಳುಗಿಸಿಕೊಳ್ಳುತ್ತದೆ. ಹಾಗಾದರೆ ಒತ್ತಡವನ್ನು ಮೊದಲೇ ಏಕೆ ಇಳಿಸಲಿಲ್ಲ?

ಅಡ್ಡಿಯಾಗಿದ್ದುದು ಬಟ್ಟೆ

ಉತ್ತರ ಟೈರಿನ ಒಳಗಿದೆ. ರಬ್ಬರು ಗಾಳಿಯನ್ನು ಹಿಡಿದಿಡುತ್ತದೆ. ಆದರೆ ಆ ಗಾಳಿಯ ಒತ್ತಡವನ್ನು ತಾಳುವುದು ರಬ್ಬರಿನೊಳಗೆ ಹುದುಗಿರುವ ಬಟ್ಟೆ. ಮೊದಲ ಟೈರುಗಳಲ್ಲಿ ಸಾಮಾನ್ಯ ಕ್ಯಾನ್ವಾಸಿನಂತೆ ಹಾಸು ಹೊಕ್ಕಾಗಿ ನೇಯ್ದ ಹತ್ತಿಯ ಬಟ್ಟೆ ಇರುತ್ತಿತ್ತು. ಗಾಲಿ ಒಂದು ಸುತ್ತು ಸುತ್ತುವಾಗ ಟೈರಿನ ಪ್ರತಿಯೊಂದು ಭಾಗವೂ ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ಆಗ ಒಂದರ ಮೇಲೊಂದು ಹಾಯ್ದ ಎಳೆಗಳು ಪರಸ್ಪರ ಗರಗಸದಂತೆ ಉಜ್ಜುತ್ತವೆ. ಬಿಸಿಯೇರುತ್ತದೆ, ಎಳೆ ಕಡಿದು ಟೈರು ಸಿಡಿಯುತ್ತದೆ. ಟೈರು ಹೆಚ್ಚು ಬಾಗದಂತೆ ನೋಡಿಕೊಳ್ಳಲು ಇದ್ದ ದಾರಿ ಒಂದೇ: ಗಾಳಿಯನ್ನು ಬಿರುಸಾಗಿ ತುಂಬುವುದು. ಹೀಗೆ ಟೈರನ್ನು ಉಳಿಸಲು ಪ್ರಯಾಣಿಕರ ಬೆನ್ನನ್ನು ಒಪ್ಪಿಸಬೇಕಾಗಿತ್ತು!

ಹೊಕ್ಕು ಇಲ್ಲದೆ, ಒಂದೇ ದಿಕ್ಕಿನಲ್ಲಿ ಒತ್ತಾಗಿ ಜೋಡಿಸಿದ ದಾರಗಳ ಪದರ ಬಂದ ಮೇಲೆ ಈ ತೊಡಕು ಬಿಡಿಸಿಕೊಂಡಿತು. ಒಂದೊಂದು ದಾರವೂ ರಬ್ಬರಿನಲ್ಲಿ ಮುಳುಗಿ ಪಕ್ಕದ ದಾರದಿಂದ ಬೇರೆಯಾಗಿರುತ್ತದೆ. ಅಂತಹ ಹಲವು ಪದರಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟರೆ ಟೈರು ಬಾಗಿದರೂ ದಾರಗಳು ಉಜ್ಜಿಕೊಳ್ಳುವುದಿಲ್ಲ. ಇದೇ ಕಾರ್ಡ್ ಟೈರು. 1910ರ ದಶಕದಲ್ಲಿ ಇದು ಹರಡಿತು. ಅದೇ ಕಾಲದಲ್ಲಿ ರಬ್ಬರಿಗೆ ಇಂಗಾಲದ ಮಸಿಯನ್ನು ಬೆರೆಸಿ ಸವೆತವನ್ನು ತಗ್ಗಿಸುವ ವಿಧಾನವೂ ಬಂತು. ಟೈರು ಕಪ್ಪಾದದ್ದು ಆಗಲೇ.

ಈಗ ಬಾಗಲು ಅಂಜದ ಟೈರು ಸಿಕ್ಕಿತು. 1923ರಲ್ಲಿ ಅಮೆರಿಕದ ಫೈರ್‌ಸ್ಟೋನ್ ಸಂಸ್ಥೆ ಕಡಿಮೆ ಒತ್ತಡದ ದಪ್ಪ 'ಬಲೂನ್' ಟೈರನ್ನು ಮಾರುಕಟ್ಟೆಗೆ ತಂದಿತು. ಅದೇ ವರ್ಷ ಮಿಷೆಲಿನ್ ಸಂಸ್ಥೆಯೂ 2.5 ಬಾರ್ ಒತ್ತಡದ ಟೈರೊಂದನ್ನು ಹೊರತಂದು ಅದಕ್ಕೆ 'ಕಾನ್‌ಫೋರ್' ಎಂದು ಹೆಸರಿಟ್ಟಿತು. ಫ್ರೆಂಚಿನಲ್ಲಿ ಆ ಪದಕ್ಕೆ ಸುಖ, ಹಾಯಿ ಎಂದರ್ಥ.

23ರಿಂದ 16ಕ್ಕೆ ಇಳಿದ ಕಥೆ

ದಪ್ಪ ಟೈರಿಗೆ ಜಾಗ ಬೇಕಲ್ಲ? ಹಳೆಯ ರಿಮ್ಮಿನ ಮೇಲೆಯೇ ದಪ್ಪ ಟೈರು ಕೂರಿಸಿದರೆ ಗಾಲಿ ವಿಪರೀತ ದೊಡ್ಡದಾಗುತ್ತದೆ, ಕಾರು ಎತ್ತರವಾಗುತ್ತದೆ. ಆದ್ದರಿಂದ ರಿಮ್ಮನ್ನು ಕಿರಿದು ಮಾಡಿದರು. ಇದನ್ನು ಫೋರ್ಡ್ ಕಾರುಗಳಲ್ಲಿ ವರ್ಷ ವರ್ಷಕ್ಕೂ ಗುರುತಿಸಬಹುದು. ಆ ಕಾಲದ ಟೈರಿನ ಎತ್ತರ ಹೆಚ್ಚುಕಡಿಮೆ ಅದರ ಅಗಲದಷ್ಟೇ ಇದ್ದುದರಿಂದ ಗಾಲಿಯ ಒಟ್ಟು ವ್ಯಾಸವನ್ನೂ ಅಂದಾಜು ಮಾಡಬಹುದು.

1908, ಮಾಡೆಲ್ ಟಿ (ಹಿಂದಿನ ಗಾಲಿ): ರಿಮ್ಮು 23 ಅಂಗುಲ, ಟೈರು 3.50, ಒಟ್ಟು 30 ಅಂಗುಲ
1928, ಮಾಡೆಲ್ ಎ: ರಿಮ್ಮು 21, ಟೈರು 4.50, ಒಟ್ಟು 30
1930, ಮಾಡೆಲ್ ಎ: ರಿಮ್ಮು 19, ಟೈರು 4.75, ಒಟ್ಟು 28.5
1932: ರಿಮ್ಮು 18, ಟೈರು 5.25, ಒಟ್ಟು 28.5
1933: ರಿಮ್ಮು 17, ಟೈರು 5.50, ಒಟ್ಟು 28
1935: ರಿಮ್ಮು 16, ಟೈರು 6.00, ಒಟ್ಟು 28

ಈ ಪಟ್ಟಿಯನ್ನು ಸಾವಧಾನವಾಗಿ ನೋಡಿ. 27 ವರ್ಷಗಳಲ್ಲಿ ರಿಮ್ಮಿನ ವ್ಯಾಸ 7 ಅಂಗುಲ ಇಳಿದಿದೆ. ಆದರೆ ಗಾಲಿಯ ಒಟ್ಟು ವ್ಯಾಸ ಇಳಿದದ್ದು ಕೇವಲ 2 ಅಂಗುಲ. ಲೋಹ ಬಿಟ್ಟುಕೊಟ್ಟ ಜಾಗವನ್ನು ಬಹುಮಟ್ಟಿಗೆ ಗಾಳಿ ತುಂಬಿಕೊಂಡಿತು. ಕಾರಿಗೆ ಚಿಕ್ಕ ರಿಮ್ಮು ಹಾಕಿಸಿಕೊಂಡು ಸುಖ ಕಾಣುವವರು ಇಂದು ಮಾಡುತ್ತಿರುವುದೂ ಇದನ್ನೇ.

ಹೊಸ ಸುಖದ ಜೊತೆಗೆ ಹೊಸ ತೊಂದರೆಯೂ ಬಂತು. ಮೆತ್ತನೆಯ ಟೈರು, ಮುಂದಿನ ಗಾಲಿಗೂ ಅಳವಡಿಸಿದ ಬ್ರೇಕು, ಎರಡು ಗಾಲಿಗಳನ್ನು ಜೋಡಿಸುವ ಗಟ್ಟಿ ಅಚ್ಚು: ಇವೆಲ್ಲ ಸೇರಿ ಕೆಲವು ವೇಗಗಳಲ್ಲಿ ಮುಂದಿನ ಗಾಲಿಗಳು ಎಡಬಲಕ್ಕೆ ಅದುರತೊಡಗಿದುವು. ಸ್ಟೀರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಇದಕ್ಕೆ ಪರಿಹಾರ ಹುಡುಕುತ್ತ ಎಂಜಿನಿಯರುಗಳು ಎರಡು ಮುಂಗಾಲಿಗಳನ್ನು ಬೇರೆ ಬೇರೆಯಾಗಿ ತೂಗಿಸುವ ಸ್ವತಂತ್ರ ಸಸ್ಪೆನ್ಷನ್ನಿನತ್ತ ಸಾಗಿದರು. ರೋಲ್ಸ್‌ರಾಯ್ಸ್‌ನಿಂದ ಬಂದಿದ್ದ ಮಾರಿಸ್ ಆಲಿ ಎಂಬ ಎಂಜಿನಿಯರ್ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ನಡೆಸಿದ ಪ್ರಯೋಗಗಳ ಫಲವಾಗಿ, 1934ರ ಮಾದರಿಯ ಕಾರುಗಳಲ್ಲಿ ಇದು ಕಾಣಿಸಿಕೊಂಡಿತು. ಇಂದಿನ ಕಾರಿನ ಹಾಯಾದ ಓಟಕ್ಕೆ ಅರ್ಧ ಕಾರಣ ಮೆತ್ತನೆಯ ಟೈರು. ಉಳಿದರ್ಧ, ಆ ಟೈರು ತಂದೊಡ್ಡಿದ ತೊಂದರೆಗೆ ಕಂಡುಹಿಡಿದ ಪರಿಹಾರ!

ಇಳಿಕೆ ಅಲ್ಲಿಗೂ ನಿಲ್ಲಲಿಲ್ಲ. 1957ರ ಮಾದರಿಯಲ್ಲಿ ಫೋರ್ಡ್, ಶೆವರ್ಲೆಯಂತಹ ಅಮೆರಿಕದ ದೊಡ್ಡ ಕಾರುಗಳೂ 14 ಅಂಗುಲದ ರಿಮ್ಮಿಗೆ ಇಳಿದುವು. ಇಲ್ಲಿ ಸುಖದ ಜೊತೆಗೆ ತಗ್ಗಿನ ಆಕಾರದ ಮೋಹವೂ ಇತ್ತು. ಆದರೆ ರಿಮ್ಮಿನ ಒಳಗಿರುವ ಬ್ರೇಕಿನ ಡ್ರಮ್ಮಿಗೆ ಗಾಳಿಯಾಡಲು ಜಾಗ ಕಡಿಮೆಯಾಯಿತು. ಬಿಸಿಯೇರಿದ ಡ್ರಮ್ಮಿನ ಹಿಡಿತ ಸಡಿಲವಾಗುತ್ತದೆ. ರಿಮ್ಮನ್ನು ಕಿರಿದಾಗಿಸುವುದಕ್ಕೂ ಒಂದು ಎಲ್ಲೆ ಇದೆ ಎಂಬುದು ಹೀಗೆ ತಿಳಿಯಿತು.

'ಚಿಕ್ಕ ಗಾಲಿ'ಗೆ ಎರಡು ಅರ್ಥ

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಒಂದು ವಿಷಯವನ್ನು ಬಿಡಿಸಿ ಹೇಳಬೇಕು. ರಿಮ್ಮು ಚಿಕ್ಕದಾಗುವುದು ಬೇರೆ, ಇಡೀ ಗಾಲಿಯೇ ಚಿಕ್ಕದಾಗುವುದು ಬೇರೆ. ಮೊದಲನೆಯದರಿಂದ ಸುಖ ಹೆಚ್ಚುತ್ತದೆ, ಎರಡನೆಯದರಿಂದ ತಗ್ಗುತ್ತದೆ.

1959ರಲ್ಲಿ ಅಲೆಕ್ ಇಸಿಗೋನಿಸ್ ವಿನ್ಯಾಸಗೊಳಿಸಿದ ಬ್ರಿಟನ್ನಿನ ಮಿನಿ ಕಾರಿಗೆ ಕೇವಲ 10 ಅಂಗುಲದ ರಿಮ್ಮು ಹಾಕಿದರು. ಉದ್ದೇಶ ಸುಖವಲ್ಲ, ಪುಟ್ಟ ಕಾರಿನೊಳಗೆ ನಾಲ್ವರಿಗೆ ಜಾಗ ಮಾಡುವುದು. ಇಲ್ಲಿ ಇಡೀ ಗಾಲಿಯೇ ಚಿಕ್ಕದು. ಆ ಕೊರತೆಯನ್ನು ತುಂಬಲು ಅಲೆಕ್ಸ್ ಮೌಲ್ಟನ್ ಎಂಬ ಎಂಜಿನಿಯರ್ ರಬ್ಬರಿನ ಸ್ಪ್ರಿಂಗುಗಳ ವಿಶೇಷ ಸಸ್ಪೆನ್ಷನ್ ರೂಪಿಸಬೇಕಾಯಿತು.

ನಮ್ಮ ರಸ್ತೆಗಳಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇತ್ತು. 2014ರಲ್ಲಿ ತಯಾರಿಕೆ ನಿಂತ ಎರಡು ಕಾರುಗಳನ್ನು ನೆನಪಿಸಿಕೊಳ್ಳಿ: ಅಂಬಾಸಡರ್ ಮತ್ತು ಮಾರುತಿ 800. ಅಂಬಾಸಡರಿನ 5.90–15 ಟೈರಿನ ತ್ರಿಜ್ಯ ಸುಮಾರು 33 ಸೆಂಟಿಮೀಟರ್. ಮಾರುತಿಯ 145/70 ಆರ್ 12 ಟೈರಿನ ತ್ರಿಜ್ಯ ಸುಮಾರು 25. ಎರಡೂ ಕಾರುಗಳು 30 ಸೆಂಟಿಮೀಟರ್ ಅಗಲದ ಒಂದೇ ಗುಂಡಿಯನ್ನು ದಾಟುತ್ತಿವೆ ಎನ್ನಿ. ಟೈರು ಬಾಗದೆಂದು ಭಾವಿಸಿದರೆ, ಗಾಲಿ ಗುಂಡಿಯೊಳಗೆ ಇಳಿಯುವ ಆಳವನ್ನು ಪೈಥಾಗೊರಸನ ಪ್ರಮೇಯದಿಂದಲೇ ಕಂಡುಹಿಡಿಯಬಹುದು.

ಮಾರುತಿ: 25 − √(25² − 15²) = 25 − 20 = 5 ಸೆಂಟಿಮೀಟರ್
ಅಂಬಾಸಡರ್: 33 − √(33² − 15²) = 33 − 29.4 = 3.6 ಸೆಂಟಿಮೀಟರ್

ಹಾಗೆಯೇ 5 ಸೆಂಟಿಮೀಟರಿನ ಉಬ್ಬನ್ನು ಏರಲು ಮಾರುತಿಯ ಗಾಲಿಗೆ ಭಾರದ 0.75ರಷ್ಟು ಬಲ ಬೇಕಾದರೆ, ಅಂಬಾಸಡರಿನ ಗಾಲಿಗೆ 0.62ರಷ್ಟು ಸಾಕು. ಹಳ್ಳಿಯ ದಾರಿಗೆ ಅಂಬಾಸಡರೇ ಸೈ ಎನ್ನುತ್ತಿದ್ದವರ ಅನುಭವದಲ್ಲಿ ಈ ಜ್ಯಾಮಿತಿಗೂ ಪಾಲಿತ್ತು.

ಆದ್ದರಿಂದ ಸೂತ್ರವನ್ನು ಹೀಗೆ ನೆನಪಿಟ್ಟುಕೊಳ್ಳಿ: ಹೊರಗಿನ ವ್ಯಾಸ ಹಾಗೆಯೇ ಇರಲಿ, ಒಳಗಿನ ರಿಮ್ಮು ಕಿರಿದಾಗಲಿ.

ರಿಮ್ಮು ಮತ್ತೆ ಬೆಳೆಯಿತು

ಹಾಗಾದರೆ ಇಂದಿನ ಕಾರುಗಳ ರಿಮ್ಮು ಏಕೆ ದೊಡ್ಡದು? ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ರೇಡಿಯಲ್ ಟೈರು. ಮಿಷೆಲಿನ್ 1946ರಲ್ಲಿ ಪೇಟೆಂಟ್ ಪಡೆದು 1949ರಲ್ಲಿ ಮಾರಾಟಕ್ಕೆ ತಂದ ಈ ಟೈರಿನಲ್ಲಿ ದಾರಗಳು ಓರೆಯಾಗಿರದೆ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುತ್ತವೆ. ನೆಲ ತಾಗುವ ಭಾಗದ ಅಡಿಯಲ್ಲಿ ಉಕ್ಕಿನ ತಂತಿಗಳ ಪಟ್ಟಿ ಇರುತ್ತದೆ. ಇದರಿಂದ ಪಕ್ಕದ ಗೋಡೆ ಮೆತ್ತಗೆ, ನೆಲ ತಾಗುವ ಭಾಗ ಬಿಗಿಯಾಗಿ ಇರಲು ಸಾಧ್ಯವಾಯಿತು. ಗೋಡೆಯ ಎತ್ತರವನ್ನು ಬೇಕೆಂದಂತೆ ತಗ್ಗಿಸಲೂ ಸಾಧ್ಯವಾಯಿತು. 1970ರ ದಶಕದಲ್ಲಿ ಇಟಲಿಯ ಪಿರೆಲ್ಲಿ ಪಿ7ನಂತಹ ಗಿಡ್ಡ ಗೋಡೆಯ ಟೈರುಗಳು ವೇಗದ ಕಾರುಗಳಿಗೆ ಬಂದುವು. ಗೋಡೆ ಗಿಡ್ಡವಾದಷ್ಟೂ ತಿರುವಿನಲ್ಲಿ ಟೈರು ಪಕ್ಕಕ್ಕೆ ವಾಲುವುದು ಕಡಿಮೆ; ಸ್ಟೀರಿಂಗ್ ತಿರುಗಿಸಿದೊಡನೆ ಕಾರು ತಿರುಗುತ್ತದೆ.

ಎರಡನೆಯ ಕಾರಣ ಡಿಸ್ಕ್ ಬ್ರೇಕು. ಕಾರಿನ ಭಾರ ಮತ್ತು ವೇಗ ಹೆಚ್ಚಿದಂತೆ ದೊಡ್ಡ ಡಿಸ್ಕು ಬೇಕಾಯಿತು. ಅದು ರಿಮ್ಮಿನೊಳಗೇ ಕೂರಬೇಕು. ಮೂರನೆಯ ಕಾರಣಕ್ಕೆ ವಿಜ್ಞಾನದ ಹಂಗಿಲ್ಲ. ದೊಡ್ಡ ಮಿಶ್ರಲೋಹದ ರಿಮ್ಮು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ!

ಒಂದೇ ಕಾರಿಗೆ ಹೊಂದುವ ಮೂರು ಟೈರುಗಳ ಲೆಕ್ಕ ನೋಡಿ.

195/65 ಆರ್ 15: ಗೋಡೆಯ ಎತ್ತರ 127 ಮಿಲಿಮೀಟರ್, ಒಟ್ಟು ವ್ಯಾಸ 634.5
205/55 ಆರ್ 16: ಗೋಡೆಯ ಎತ್ತರ 113 ಮಿಲಿಮೀಟರ್, ಒಟ್ಟು ವ್ಯಾಸ 632
225/45 ಆರ್ 17: ಗೋಡೆಯ ಎತ್ತರ 101 ಮಿಲಿಮೀಟರ್, ಒಟ್ಟು ವ್ಯಾಸ 634

ಒಟ್ಟು ವ್ಯಾಸದಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ವೇಗಮಾಪಕವೂ ತಪ್ಪು ತೋರಿಸುವುದಿಲ್ಲ. ಆದರೆ 17ರಿಂದ 15ಕ್ಕೆ ಇಳಿದರೆ ಗೋಡೆಯ ಎತ್ತರ ಕಾಲು ಭಾಗದಷ್ಟು ಹೆಚ್ಚುತ್ತದೆ. ಗುಂಡಿಯ ಅಂಚಿಗೂ ಲೋಹದ ರಿಮ್ಮಿಗೂ ನಡುವೆ ಇನ್ನೂ ಒಂದು ಅಂಗುಲ ಗಾಳಿ ಸಿಗುತ್ತದೆ. ಗಿಡ್ಡ ಗೋಡೆಯ ಟೈರು ಗುಂಡಿಗೆ ಬಿದ್ದಾಗ ರಿಮ್ಮು ಬಾಗುವುದು, ಗೋಡೆಯೊಳಗಿನ ದಾರ ಕಡಿದು ಗುಳ್ಳೆ ಏಳುವುದು ಏಕೆಂದು ಇದರಿಂದ ತಿಳಿಯುತ್ತದೆ.

ಸುಖ ಎಷ್ಟು ಹೆಚ್ಚುತ್ತದೆ?

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಕಾರಿನಲ್ಲಿ ಒಂದರ ಮೇಲೊಂದು ಎರಡು ಸ್ಪ್ರಿಂಗುಗಳಿವೆ. ಕೆಳಗಿನದು ಟೈರು, ಮೇಲಿನದು ಸಸ್ಪೆನ್ಷನ್. ಮಾದರಿ ಲೆಕ್ಕಕ್ಕಾಗಿ ಸಸ್ಪೆನ್ಷನ್ ಸ್ಪ್ರಿಂಗಿನ ಬಿಗಿ ಮಿಲಿಮೀಟರಿಗೆ 20 ನ್ಯೂಟನ್, ಟೈರಿನದು 220 ನ್ಯೂಟನ್ ಎಂದಿಟ್ಟುಕೊಳ್ಳೋಣ. ಸರಣಿಯಲ್ಲಿರುವ ಇವೆರಡರ ಒಟ್ಟು ಬಿಗಿ 18.3. ದಪ್ಪ ಟೈರು ಹಾಕಿ ಟೈರಿನ ಬಿಗಿಯನ್ನು ಶೇಕಡ 20ರಷ್ಟು ತಗ್ಗಿಸಿ 176 ಮಾಡಿದರೆ ಒಟ್ಟು ಬಿಗಿ 18.0. ವ್ಯತ್ಯಾಸ ಶೇಕಡ 2 ಮಾತ್ರ! ಅಂದರೆ ರಸ್ತೆಯ ದೊಡ್ಡ ಏರಿಳಿತಗಳಲ್ಲಿ ಕಾರಿನ ಮೈ ನಿಧಾನವಾಗಿ ತೂಗುವುದು, ಸೆಕೆಂಡಿಗೆ ಒಂದೂಕಾಲು–ಒಂದೂವರೆ ಬಾರಿ, ಬದಲಾಗುವುದೇ ಇಲ್ಲ. ಅದು ಸಸ್ಪೆನ್ಷನ್ನಿನ ಕೆಲಸ.

ಬದಲಾಗುವುದು ಚೂಪಾದ ಸಣ್ಣ ಪೆಟ್ಟುಗಳು: ಕಾಂಕ್ರೀಟಿನ ಬೆಸುಗೆ, ಡಾಂಬರು ಕಿತ್ತ ಅಂಚು, ಜಲ್ಲಿಕಲ್ಲು. ಗಾಲಿ ಮೇಲೇಳಲು ಸಮಯವೇ ಇಲ್ಲದಷ್ಟು ಬೇಗ ಬರುವ 1 ಸೆಂಟಿಮೀಟರಿನ ಉಬ್ಬು ಮೊದಲ ಟೈರಿನ ಮೂಲಕ 2,200 ನ್ಯೂಟನ್ ಬಲವನ್ನು ಮೇಲಕ್ಕೆ ಕಳಿಸಿದರೆ, ಎರಡನೆಯದು 1,760 ನ್ಯೂಟನ್ ಕಳಿಸುತ್ತದೆ. ಇಲ್ಲಿ ಐದರಲ್ಲಿ ಒಂದು ಪಾಲು ಉಳಿತಾಯ. 40 ಕಿಲೋಗ್ರಾಂ ಗಾಲಿ ಇಂತಹ ಟೈರಿನ ಮೇಲೆ ಸೆಕೆಂಡಿಗೆ 11–12 ಬಾರಿ ಕುಣಿಯುತ್ತದೆ. ಮನುಷ್ಯನ ದೇಹಕ್ಕೆ ಮೇಲುಕೆಳಗಿನ ಕಂಪನಗಳಲ್ಲಿ ಹೆಚ್ಚು ಬಾಧಿಸುವುದು ಸೆಕೆಂಡಿಗೆ 4ರಿಂದ 8 ಆವೃತ್ತಿಯವು. ಅದರ ಮೇಲಿನವೂ ನಿರುಪದ್ರವಿಗಳಲ್ಲ. ಬೆನ್ನುನೋವಿನವರು, ಗರ್ಭಿಣಿಯರು, ಆಂಬುಲೆನ್ಸಿನಲ್ಲಿ ಮಲಗಿರುವ ಮೂಳೆ ಮುರಿದ ರೋಗಿ: ಇವರಿಗೆ ಈ ಐದರಲ್ಲೊಂದು ಪಾಲು ಬರಿಯ ಅಂಕೆಯಲ್ಲ.

ಬದಲಿಸುವ ಮುನ್ನ

ಕಾರಿನ ರಿಮ್ಮು ಬದಲಿಸುವ ಯೋಚನೆ ನಿಮ್ಮ ಮನೆಯಲ್ಲಿದ್ದರೆ ನಾಲ್ಕು ಅಂಶಗಳನ್ನು ನೋಡಿ. ಒಂದು, ಆ ಮಾದರಿಯ ಕಾರಿಗೆ ತಯಾರಕರೇ ಒಪ್ಪಿರುವ ಅಳತೆಗಳಲ್ಲಿ ಅತಿ ಚಿಕ್ಕದಕ್ಕಿಂತ ಕೆಳಗೆ ಹೋಗಬೇಡಿ. ರಿಮ್ಮು ಬ್ರೇಕಿಗೆ ತಾಗಬಾರದು. ಎರಡು, ಒಟ್ಟು ವ್ಯಾಸ ಮೊದಲಿನಷ್ಟೇ ಇರಲಿ. ಮೂರು, ಟೈರಿನ ಭಾರದ ಸೂಚ್ಯಂಕ ಮತ್ತು ವೇಗದ ಗುರುತು ಮೂಲ ಟೈರಿಗಿಂತ ಕಡಿಮೆಯಾಗದಿರಲಿ. ನಾಲ್ಕು, ಸುಖಕ್ಕೆಂದು ಗಾಳಿಯನ್ನು ಸೂಚಿಸಿದ್ದಕ್ಕಿಂತ ಇಳಿಸಬೇಡಿ. ಹೆಚ್ಚು ಬಾಗುವ ಟೈರು ಬಿಸಿಯೇರಿ ಸಿಡಿಯುವ ಅಪಾಯ ಇಂದಿಗೂ ಇದೆ. ತಿರುವುಗಳಲ್ಲಿ ಕಾರು ಸ್ವಲ್ಪ ಹೆಚ್ಚು ವಾಲುತ್ತದೆ, ಸ್ಟೀರಿಂಗಿನ ಚುರುಕು ತುಸು ತಗ್ಗುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಇದೇ ಪಾಠ ನಮ್ಮ ಹೊಲದ ದಾರಿಯಲ್ಲೂ ಇದೆ. ಮರದ ದೊಡ್ಡ ಗಾಲಿಯ ಬದಲು ಗಾಳಿ ತುಂಬಿದ ಚಿಕ್ಕ ಟೈರಿನ ಗಾಡಿ ಬಂದಾಗ ಎತ್ತುಗಳ ಹೆಗಲು ಹಗುರಾಯಿತು. ವ್ಯಾಸದಲ್ಲಿ ಕಳೆದುಕೊಂಡದ್ದನ್ನು ಗಾಳಿ ತುಂಬಿಕೊಟ್ಟಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಸ್ಥಾಪಕ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ವರ್ಷಗಳ ಕಾಲ ಶ್ರಮಿಸಿದ್ದನ್ನು ಇಲ್ಲಿ ನೆನೆಯಬೇಕು. ಕುಲುಕಾಟದ ಬಗ್ಗೆ ಎತ್ತು ದೂರು ಹೇಳಲಾರದು. ಅದರ ಪರವಾಗಿ ಲೆಕ್ಕ ಹಾಕುವವರು ಬೇಕು.

ತರಗತಿಯಲ್ಲಿ ಮಾಡಿ ನೋಡಿ

ಒಂದು ಸೈಕಲ್ಲಿನ ಹಿಂದಿನ ಟೈರಿಗೆ ಸೀಮೆಸುಣ್ಣದ ಪುಡಿಯನ್ನು ಚೆನ್ನಾಗಿ ಬಳಿಯಿರಿ. ಗಾಲಿಯನ್ನು ಉರುಳಿಸದೆ, ನೇರವಾಗಿ ಎತ್ತಿ ಒಂದು ಕಪ್ಪು ಹಾಳೆಯ ಮೇಲೆ ಇಳಿಸಿ. ವಿದ್ಯಾರ್ಥಿಯೊಬ್ಬ ಸೀಟಿನ ಮೇಲೆ ಕೂರಲಿ, ಇಬ್ಬರು ಹಿಡಿದುಕೊಳ್ಳಲಿ. ನಂತರ ಸೈಕಲ್ಲನ್ನು ಮೇಲೆತ್ತಿ, ಹಾಳೆಯ ಮೇಲೆ ಮೂಡಿದ ಗುರುತಿನ ವಿಸ್ತೀರ್ಣವನ್ನು ಗ್ರಾಫ್ ಚೌಕಗಳಿಂದ ಅಳೆಯಿರಿ. ಪಂಪಿನ ಮಾಪಕದಿಂದ ಒತ್ತಡವನ್ನು ಗುರುತಿಸಿಕೊಳ್ಳಿ. ವಿಸ್ತೀರ್ಣವನ್ನು ಒತ್ತಡದಿಂದ ಗುಣಿಸಿ, ಬಂದ ಉತ್ತರವನ್ನು ಹಿಂದಿನ ಗಾಲಿಯನ್ನು ತೂಕದ ಯಂತ್ರದ ಮೇಲಿಟ್ಟು ಪಡೆದ ಭಾರದೊಂದಿಗೆ ಹೋಲಿಸಿ. ಗಾಳಿಯನ್ನು ಸ್ವಲ್ಪ ಇಳಿಸಿ ಮತ್ತೆ ಮಾಡಿ. ಗುರುತು ಎಷ್ಟು ಹಿಗ್ಗಿತು? ಎರಡು ಉತ್ತರಗಳ ನಡುವೆ ಉಳಿಯುವ ವ್ಯತ್ಯಾಸಕ್ಕೆ ಕಾರಣವೇನು? ಟೈರಿನ ಗೋಡೆಯೂ ಭಾರದ ಒಂದು ಪಾಲನ್ನು ಹೊರುತ್ತದೆಯೇ, ನೆಲ ತಾಗಿದ ಜಾಗವೆಲ್ಲ ಸಮನಾಗಿ ಒತ್ತುತ್ತದೆಯೇ ಎಂಬುದನ್ನು ವಿದ್ಯಾರ್ಥಿಗಳೇ ಚರ್ಚಿಸಲಿ.